ಲೋಟದ ಲೆಕ್ಕ: ದಿನಾ ಕುಡಿಯುವುದನ್ನು ಹದಕ್ಕೆ ತರುವುದು ಹೇಗೆ?

ನಿನ್ನೆ ಏನೇನು ತಿಂದಿರಿ ಎಂದು ಕೇಳಿದರೆ ಬಹಳ ಜನ ಸರಿಯಾಗಿಯೇ ಹೇಳುತ್ತಾರೆ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಬಾಯಾಡಿಸಿದ್ದು, ರಾತ್ರಿ ಊಟ. ಏನೇನು ಕುಡಿದಿರಿ ಎಂದು ಕೇಳಿ ನೋಡಿ. ಒಂದು ಕ್ಷಣ ಯೋಚಿಸಿ, 'ನೀರು, ಟೀ... ಅಷ್ಟೇ' ಅನ್ನುತ್ತಾರೆ. ಮೀಟಿಂಗಿನಲ್ಲಿ ಕೈಗಿಟ್ಟ ಎರಡನೇ ಕಾಫಿ, ಸೆಕೆ ತಡೆಯಲಾಗದೆ ಕುಡಿದ ಅರ್ಧ ಬಾಟಲಿ ಕೋಲಾ, ಮಗು ಬಿಟ್ಟ ಜ್ಯೂಸನ್ನು ಚೆಲ್ಲಲು ಮನಸ್ಸಾಗದೆ ಕುಡಿದು ಮುಗಿಸಿದ್ದು, ಇದ್ಯಾವುದೂ ನೆನಪಿಗೆ ಬರುವುದಿಲ್ಲ.

ತಿಂದದ್ದಕ್ಕೆ ನಾವು ಲೆಕ್ಕ ಇಡುತ್ತೇವೆ. ಕುಡಿದದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತೂಕ, ಶುಗರ್, ಕೊಬ್ಬು ಸರಿಮಾಡಿಕೊಳ್ಳಬೇಕು ಎಂದು ಹೊರಟವರು ಅನ್ನ, ಎಣ್ಣೆ, ಸಿಹಿತಿಂಡಿ ಎಲ್ಲ ಕಡಿಮೆ ಮಾಡುತ್ತಾರೆ. ಲೋಟ ಮಾತ್ರ ಹಾಗೇ ಇರುತ್ತದೆ. ನನ್ನ ಪ್ರಕಾರ ಶುರು ಮಾಡಬೇಕಾದ್ದು ಅಲ್ಲಿಂದಲೇ. ಊಟ ಬದಲಿಸುವುದಕ್ಕಿಂತ ಇದು ಸುಲಭ, ಖರ್ಚೂ ಇಲ್ಲ.

ಮೊದಲು ಐದು ಅಂಕಿಗಳನ್ನು ತಿಳಿದುಕೊಳ್ಳಿ

ತಿಂದದ್ದು ಕುಡಿದದ್ದನ್ನು ಮೈ ಶಕ್ತಿಯಾಗಿ ಬಳಸುತ್ತದೆ, ಉಳಿದದ್ದನ್ನು ಕೂಡಿಡುತ್ತದೆ. ಈ ಕೆಲಸಕ್ಕೆ ಚಯಾಪಚಯ ಎನ್ನುತ್ತಾರೆ. ಅದರ ಹದ ತಪ್ಪಿದೆಯೇ ಎಂದು ನೋಡಲು ವೈದ್ಯರು ಐದು ವಿಷಯ ಗಮನಿಸುತ್ತಾರೆ. ಹೊಟ್ಟೆಯ ಸುತ್ತಳತೆ, ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಒಳ್ಳೆಯ ಕೊಲೆಸ್ಟ್ರಾಲ್ ಎಂದು ಕರೆಯುವ ಎಚ್‌ಡಿಎಲ್, ಬಿ.ಪಿ., ಮತ್ತು ಖಾಲಿ ಹೊಟ್ಟೆಯ ಶುಗರ್.

ಟ್ರೈಗ್ಲಿಸರೈಡ್ 150 ಮುಟ್ಟಿದರೆ ಜಾಸ್ತಿ. ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿದ್ದರೆ ಕಡಿಮೆ. ಬಿ.ಪಿ.ಯ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ಮುಟ್ಟಿದರೆ, ಖಾಲಿ ಹೊಟ್ಟೆಯ ಶುಗರ್ 100 ಮುಟ್ಟಿದರೆ ಎಚ್ಚರವಾಗಬೇಕು. ಸುತ್ತಳತೆಯ ಮಿತಿ ಜನಾಂಗದಿಂದ ಜನಾಂಗಕ್ಕೆ ಬೇರೆ. ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80. ಐದರಲ್ಲಿ ಮೂರು ಮಿತಿ ಮೀರಿದ್ದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂಬ ಹೆಸರಿದೆ. ಇವುಗಳಲ್ಲಿ ಹೆಚ್ಚಿನವು ಒಂದೇ ಗುಂಪಾಗಿ ಬರುತ್ತವೆ, ಬೇರು ಇರುವುದು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎಂಬ ಹಾರ್ಮೋನಿನ ಮಾತಿಗೆ ಮೈ ಸರಿಯಾಗಿ ಓಗೊಡದಿರುವುದರಲ್ಲಿ ಎಂದು 1988ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ ವಿವರಿಸಿದರು.

ನಿಮ್ಮ ಹಳೆಯ ರಿಪೋರ್ಟ್ ತೆಗೆದು ಈ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದಿಡಿ. ಕೊನೆಗೆ ಬೇಕಾಗುತ್ತದೆ.

ಹೆಜ್ಜೆ 1: ಏಳು ದಿನ ಬರೆಯಿರಿ, ಏನೂ ಬದಲಿಸಬೇಡಿ

ಒಂದು ವಾರ ಕುಡಿದದ್ದನ್ನೆಲ್ಲ ಬರೆಯಿರಿ. ಎಷ್ಟು ಹೊತ್ತಿಗೆ, ಏನು, ಎಷ್ಟು, ಅದರಲ್ಲಿ ಸಕ್ಕರೆ ಎಷ್ಟು. ಕುಡಿದ ಕೂಡಲೇ ಬರೆಯಬೇಕು. ರಾತ್ರಿ ಕೂತು ನೆನಪಿಸಿಕೊಳ್ಳುತ್ತೇನೆ ಅಂದರೆ ಅರ್ಧ ಬಿಟ್ಟು ಹೋಗುತ್ತದೆ. ಫೋನಿನಲ್ಲಿ ಬರೆದರೂ ಸರಿ, ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿಸಿದರೂ ಸರಿ. ಈ ವಾರ ಒಳ್ಳೆಯವರಾಗಲು ಹೋಗಬೇಡಿ. ಎಂದಿನ ಹಾಗೇ ಕುಡಿಯಿರಿ. ನಿಜವಾದ ಚಿತ್ರ ಸಿಗಬೇಕಲ್ವಾ?

ಬರೆಯುವ ಮೊದಲು ಒಂದು ಕೆಲಸ ಇದೆ. ನೀವು ದಿನಾ ಬಳಸುವ ಲೋಟ, ಕಪ್ಪು, ಚಮಚ ಮೂರನ್ನೂ ಅಳೆಯಿರಿ. ನಮ್ಮ ಮನೆಯ ಟೀ ಕಪ್ಪು 150 ಮಿಲಿಲೀಟರ್ ಇರಬಹುದು ಎಂದು ನಾನು ವರ್ಷಗಟ್ಟಲೆ ಅಂದುಕೊಂಡಿದ್ದೆ. ಅಳತೆಯ ಪಾತ್ರೆಗೆ ಸುರಿದು ನೋಡಿದರೆ 220 ಇತ್ತು. ಚಮಚದ ಕತೆಯೂ ಹಾಗೇ. ಮೇಲೆ ಸಮ ಮಾಡಿದ ಒಂದು ಟೀ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ಗೋಪುರದ ಹಾಗೆ ತುಂಬಿದರೆ 6 ಗ್ರಾಂ ದಾಟುತ್ತದೆ. 'ಒಂದೇ ಚಮಚ' ಎಂದು ಇಬ್ಬರು ಹೇಳಿದರೂ ಇಬ್ಬರ ಲೆಕ್ಕ ಒಂದೇ ಆಗಬೇಕಿಲ್ಲ.

ಹೆಜ್ಜೆ 2: ಎಲ್ಲವನ್ನೂ ಚಮಚಕ್ಕೆ ಇಳಿಸಿ

ಗ್ರಾಂ ಅಂದರೆ ಮನಸ್ಸಿಗೆ ನಾಟುವುದಿಲ್ಲ. ಚಮಚ ಅಂದರೆ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಗ್ರಾಂಗಳನ್ನು 4ರಿಂದ ಭಾಗಿಸಿ.

ಬಾಟಲಿ ಅಥವಾ ಪ್ಯಾಕೆಟ್ ಆದರೆ ಹಿಂಬದಿಯ ಪಟ್ಟಿಯಲ್ಲಿ '100 ಮಿಲಿಲೀಟರಿಗೆ ಸಕ್ಕರೆ' ಎಂಬ ಸಾಲು ಹುಡುಕಿ. ಸಾಮಾನ್ಯ ಕೋಲಾದಲ್ಲಿ 100 ಮಿಲಿಲೀಟರಿಗೆ ಸುಮಾರು ಹತ್ತೂವರೆ ಗ್ರಾಂ ಇರುತ್ತದೆ. 330 ಮಿಲಿಲೀಟರಿನ ಒಂದು ಕ್ಯಾನ್ ಎಂದರೆ 35 ಗ್ರಾಂ, ಅಂದರೆ ಸುಮಾರು 9 ಚಮಚ. ಒಂದು ಕಪ್ ಟೀಗೆ ಯಾರಾದರೂ 9 ಚಮಚ ಸಕ್ಕರೆ ಹಾಕಿ ಕೊಟ್ಟರೆ ಬಾಯಿಗಿಡಲೂ ಆಗುವುದಿಲ್ಲ. ಕೋಲಾ ತಣ್ಣಗಿರುತ್ತದೆ, ಅದರಲ್ಲಿ ಹುಳಿ ಇದೆ, ಗುಳ್ಳೆ ಇದೆ. ಅವು ಆ ಸಿಹಿಯನ್ನು ಮರೆಮಾಡುತ್ತವೆ.

ಪಟ್ಟಿ ಓದುವಾಗ ಎರಡು ಕಡೆ ಮೋಸ ಹೋಗಬಹುದು. ಕೆಲವು ಬಾಟಲಿಗಳಲ್ಲಿ 'ಒಂದು ಸಲಕ್ಕೆ ಇಷ್ಟು' ಎಂದು ಬರೆದಿರುತ್ತದೆ, ಆದರೆ ಬಾಟಲಿಯೊಳಗೆ ಎರಡೂವರೆ ಸಲದ್ದು ಇರುತ್ತದೆ. ಅರ್ಧ ಲೀಟರ್ ಬಾಟಲಿಯನ್ನು ಯಾರೂ ಎರಡೂವರೆ ದಿನ ಇಟ್ಟುಕೊಂಡು ಕುಡಿಯುವುದಿಲ್ಲ. ಇನ್ನೊಂದು, ಸಕ್ಕರೆ ಬೇರೆ ಹೆಸರಿನಲ್ಲಿ ಬರುತ್ತದೆ. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಗಟ್ಟಿ ಮಾಡಿದ ಹಣ್ಣಿನ ರಸ, ಜೇನು, ಎಲ್ಲವೂ ಸಕ್ಕರೆಯೇ. ಟಾನಿಕ್ ವಾಟರ್ ಅನ್ನು ಸೋಡಾ ಅಂದುಕೊಳ್ಳುವವರಿದ್ದಾರೆ. ಸಾದಾ ಸೋಡಾದಲ್ಲಿ ಸಕ್ಕರೆ ಇಲ್ಲ, ಟಾನಿಕ್ ವಾಟರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಆಟಗಾರರ ಪಾನೀಯ, ಎನರ್ಜಿ ಡ್ರಿಂಕ್, ಬಾಟಲಿಯಲ್ಲಿ ಬರುವ ಐಸ್ ಟೀ, ಹಾಲಿಗೆ ಬೆರೆಸುವ ಸಿಹಿ ಪುಡಿಗಳು, ಇವನ್ನೂ ಪಟ್ಟಿಯಿಂದ ಬಿಡಬೇಡಿ.

ಈಗ ಮಿತಿ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇದು. ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಸಿರಪ್, ಹಣ್ಣಿನ ರಸದಲ್ಲಿರುವ ಸಕ್ಕರೆ, ಇವೆಲ್ಲ ಸೇರಿ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು. ಶೇ 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ಅದು 50 ಗ್ರಾಂ ಮತ್ತು 25 ಗ್ರಾಂ, ಅಂದರೆ 12 ಚಮಚ ಮತ್ತು 6 ಚಮಚ. ಇದರಲ್ಲಿ ಬಿಸ್ಕತ್ತು, ಸಿಹಿತಿಂಡಿ, ಸಾಸ್ ಎಲ್ಲ ಸೇರಿತು. ಇಡೀ ಹಣ್ಣಿನ ಸಕ್ಕರೆ, ಹಾಲಿನ ಸಹಜ ಸಕ್ಕರೆ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಪಟ್ಟಿಯನ್ನೇ ಹೇಳುತ್ತೇನೆ. ದಿನಕ್ಕೆ 5 ಟೀ, ಒಂದೊಂದಕ್ಕೆ 2 ಚಮಚ. 10 ಚಮಚ, 40 ಗ್ರಾಂ. ಕೋಲಾ ಮುಟ್ಟದವನು ನಾನು. ಆದರೂ ಸಿಹಿತಿಂಡಿಗೆ ಕೈ ಹಾಕುವ ಮೊದಲೇ 25 ಗ್ರಾಂ ದಾಟಿ ತುಂಬ ದೂರ ಹೋಗಿದ್ದೆ.

ಕುಡಿದ ಸಕ್ಕರೆಗೆ ಯಾಕಿಷ್ಟು ಗಮನ?

ಇಲ್ಲಿ ಸ್ವಲ್ಪ ನಿಲ್ಲೋಣ. ಕಾರಣ ಗೊತ್ತಾದರೆ ಮುಂದಿನ ಹೆಜ್ಜೆಗಳು ತಾವೇ ಅರ್ಥವಾಗುತ್ತವೆ.

2000ದಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನ ನನಗೆ ತುಂಬ ಇಷ್ಟ. 15 ಜನರಿಗೆ ದಿನಕ್ಕೆ 450 ಕ್ಯಾಲರಿಯಷ್ಟು ಸಕ್ಕರೆಯನ್ನು ನಾಲ್ಕು ವಾರ ಮಿಠಾಯಿಯಾಗಿ ಕೊಟ್ಟರು. ಇನ್ನು ನಾಲ್ಕು ವಾರ ಅಷ್ಟೇ ಕ್ಯಾಲರಿಯನ್ನು ತಂಪು ಪಾನೀಯವಾಗಿ ಕೊಟ್ಟರು. ಮಿಠಾಯಿ ತಿಂದ ದಿನಗಳಲ್ಲಿ ಅವರು ತಮಗೆ ಅರಿವಿಲ್ಲದೆಯೇ ಊಟ ಕಡಿಮೆ ಮಾಡಿದರು. ಪಾನೀಯ ಕುಡಿದ ದಿನಗಳಲ್ಲಿ ಊಟ ಒಂದಿಷ್ಟೂ ಕಡಿಮೆಯಾಗಲಿಲ್ಲ. ಕುಡಿದದ್ದೆಲ್ಲ ಊಟದ ಮೇಲೆ ಸೇರಿಕೊಂಡಿತು. ಅಗಿಯುವ ಕೆಲಸ ಇಲ್ಲ, ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಹೊಟ್ಟೆ ತುಂಬಿತು ಎಂಬ ಸುದ್ದಿ ತಲೆಗೆ ಸರಿಯಾಗಿ ಮುಟ್ಟುವುದೇ ಇಲ್ಲ.

ಎರಡನೆಯದು ವೇಗ. 1977ರ ಒಂದು ಪ್ರಯೋಗದಲ್ಲಿ ಸೇಬನ್ನು ಮೂರು ರೀತಿ ಕೊಟ್ಟರು: ಇಡೀ ಹಣ್ಣು, ಅರೆದ ಹಣ್ಣು, ಬರೀ ರಸ. ಸಕ್ಕರೆ ಮೂರರಲ್ಲೂ ಒಂದೇ. ಇಡೀ ಹಣ್ಣು ತಿನ್ನಲು ಬೇಕಾದ ಹೊತ್ತಿಗಿಂತ 11 ಪಟ್ಟು ಬೇಗ ರಸ ಕುಡಿದು ಮುಗಿಯಿತು. ರಸ ಕುಡಿದಾಗ ಇನ್ಸುಲಿನ್ ಜಾಸ್ತಿ ಏರಿತು. ಆಮೇಲೆ ರಕ್ತದ ಸಕ್ಕರೆ ಮೊದಲಿಗಿಂತಲೂ ಕೆಳಗೆ ಇಳಿಯಿತು. ಜ್ಯೂಸ್ ಕುಡಿದ ಒಂದೆರಡು ಗಂಟೆಗೆ ಮತ್ತೆ ಹಸಿವು ಅನ್ನಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಮೂರನೆಯದು ಲಿವರ್. ನಾವು ಬಳಸುವ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮೈಯ ಎಲ್ಲ ಅಂಗಗಳೂ ಬಳಸುತ್ತವೆ. ಫ್ರಕ್ಟೋಸಿನ ಹೊರೆ ಹೆಚ್ಚಾಗಿ ಬೀಳುವುದು ಲಿವರ್ ಮೇಲೆ. ಸ್ವಲ್ಪ ಸ್ವಲ್ಪ ಬಂದರೆ ಅದು ನಿಭಾಯಿಸುತ್ತದೆ. ಒಂದು ಕ್ಯಾನಿನಷ್ಟು ಐದು ನಿಮಿಷದಲ್ಲಿ ಬಂದು, ಅದೂ ದಿನಾ ಬರುತ್ತಿದ್ದರೆ, ಒಂದು ಭಾಗವನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಆ ಕೊಬ್ಬಿನಲ್ಲಿ ಒಂದಷ್ಟು ಲಿವರಿನಲ್ಲೇ ಕೂರುತ್ತದೆ. ಫ್ಯಾಟಿ ಲಿವರ್ ಅನ್ನುತ್ತೇವಲ್ಲ, ಅದಕ್ಕೆ ಇದೂ ಒಂದು ದಾರಿ. ಉಳಿದದ್ದು ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೆ ಇಳಿಯುತ್ತದೆ. ಹೆಚ್ಚಾದರೆ ಕೀಲು ನೋವು ತರುವ ಯೂರಿಕ್ ಆಸಿಡ್ ಕೂಡ ಏರುತ್ತದೆ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಮಾಡಿದ ಒಂದು ವಿಶ್ಲೇಷಣೆಯಲ್ಲಿ, ದಿನಕ್ಕೆ ಒಂದೆರಡು ಸಿಹಿ ಪಾನೀಯ ಕುಡಿಯುವವರಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯ ಅಪಾಯ ಶೇ 26 ಜಾಸ್ತಿ ಕಂಡಿತು. ಹೋಲಿಸಿದ್ದು ಹೆಚ್ಚುಕಡಿಮೆ ಕುಡಿಯದೇ ಇರುವವರ ಜೊತೆ. ಇಂಥ ಅಧ್ಯಯನ ಒಂದಕ್ಕೊಂದು ನಂಟಿದೆ ಎಂದು ತೋರಿಸುತ್ತದೆ, ಕಾರಣ ಅದೊಂದೇ ಎಂದು ಸಾಬೀತು ಮಾಡುವುದಿಲ್ಲ. ಆದರೆ ಮೇಲೆ ಹೇಳಿದ ಮೂರು ವಿಷಯ ಜೊತೆಗಿಟ್ಟು ನೋಡಿದರೆ ಸುಮ್ನೆ ತಳ್ಳಿಹಾಕುವ ಮಾತಂತೂ ಅಲ್ಲ.

ಹೆಜ್ಜೆ 3: ಬಿಟ್ಟರೂ ನೆನಪಾಗದ್ದನ್ನು ಮೊದಲು ಬಿಡಿ

ಬರೆದ ಪಟ್ಟಿ ಮುಂದಿಟ್ಟುಕೊಳ್ಳಿ. ಪ್ರತಿಯೊಂದರ ಮುಂದೆ 'ಬೇಕೇ ಬೇಕು' ಅಥವಾ 'ಇತ್ತು, ಕುಡಿದೆ' ಎಂದು ಗುರುತು ಹಾಕಿ. ಬೆಳಗಿನ ಮೊದಲ ಕಾಫಿ ಬಹಳ ಜನರಿಗೆ ಬೇಕೇ ಬೇಕು. ಅದನ್ನು ಮುಟ್ಟಬೇಡಿ. ಯಾರೋ ಕೊಟ್ಟರೆಂದು ಕುಡಿದದ್ದು, ಕೈಗೆ ಸಿಕ್ಕಿತೆಂದು ಕುಡಿದದ್ದು, ಬೇಸರಕ್ಕೆ ಕುಡಿದದ್ದು ಎಷ್ಟಿದೆ ನೋಡಿ. ಸಾಮಾನ್ಯವಾಗಿ ಸಕ್ಕರೆಯ ದೊಡ್ಡ ಪಾಲು ಇಲ್ಲೇ ಇರುತ್ತದೆ. ಮೊದಲ ಎರಡು ವಾರ ಇವನ್ನು ಮಾತ್ರ ಬಿಡಿ.

ತಂಪು ಪಾನೀಯವಾದರೆ ಮನೆಗೆ ತರುವುದನ್ನೇ ನಿಲ್ಲಿಸುವುದು ಸುಲಭದ ದಾರಿ. ಫ್ರಿಜ್ಜಿನಲ್ಲಿದ್ದರೆ ಕೈ ತಾನಾಗಿ ಹೋಗುತ್ತದೆ. ಗುಳ್ಳೆಯ ಚುರುಕು ಬೇಕೆನಿಸುವವರು ಸಾದಾ ಸೋಡಾಕ್ಕೆ ನಿಂಬೆ ಹಿಂಡಿಕೊಳ್ಳಬಹುದು.

ಹೆಜ್ಜೆ 4: ಜ್ಯೂಸಿನಿಂದ ಹಣ್ಣಿಗೆ ಮರಳಿ

ಈ ಹೆಜ್ಜೆಗೆ ಬೇಸರ ಮಾಡಿಕೊಳ್ಳುವವರೇ ಜಾಸ್ತಿ. 'ಸಕ್ಕರೆ ಹಾಕದೆ, ಮನೆಯಲ್ಲೇ ತೆಗೆದದ್ದು' ಎನ್ನುತ್ತಾರೆ. ಸರಿ, ವಿಟಮಿನ್ ಇದೆ. ಆದರೆ 200 ಮಿಲಿಲೀಟರ್ ಕಿತ್ತಳೆ ರಸದಲ್ಲಿ 16ರಿಂದ 18 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ನಾಲ್ಕು ಚಮಚ ಅಥವಾ ಇನ್ನೂ ಸ್ವಲ್ಪ ಜಾಸ್ತಿ. ಆ ಒಂದು ಲೋಟಕ್ಕೆ ಎರಡು ಮೂರು ಹಣ್ಣು ಬೇಕು. ಮೂರು ಕಿತ್ತಳೆಯನ್ನು ಸುಲಿದು ಒಟ್ಟಿಗೆ ತಿನ್ನುವವರು ಕಡಿಮೆ. ನಾರು ಸೋಸಿ ಚೆಲ್ಲಿದ ಮೇಲೆ ಉಳಿಯುವುದು ಸಿಹಿ ನೀರಿಗೆ ಹತ್ತಿರ. ಹಣ್ಣು ತಿನ್ನಿ. ಜ್ಯೂಸ್ ಕುಡಿಯಲೇಬೇಕೆನಿಸಿದ ದಿನ ಚಿಕ್ಕ ಲೋಟದಲ್ಲಿ, ಊಟದ ಜೊತೆ ಕುಡಿಯಿರಿ.

ಹೆಜ್ಜೆ 5: ಟೀ, ಕಾಫಿಯ ಸಕ್ಕರೆಯನ್ನು ಕಾಲು ಚಮಚದಂತೆ ಇಳಿಸಿ

ಟೀ, ಕಾಫಿ ಶತ್ರುಗಳಲ್ಲ. ಕಾಫಿ ಕುಡಿಯುವ ಅಭ್ಯಾಸ ಇರುವವರಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಕಡಿಮೆ ಎಂದು ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕೆಫೀನ್ ತೆಗೆದ ಕಾಫಿಯಲ್ಲೂ ಹಾಗೇ ಕಂಡಿದೆ. ಹಾಗೆಂದು ಕುಡಿಯದವರು ಔಷಧಿಯೆಂದು ಶುರು ಮಾಡಬೇಕಿಲ್ಲ. ನಾವು ತಿದ್ದಬೇಕಾದ್ದು ಅದರೊಳಗಿನ ಸಕ್ಕರೆಯನ್ನು.

ಒಂದೇ ದಿನ ಪೂರ್ತಿ ಬಿಟ್ಟವರು ವಾರದಲ್ಲಿ ಮರಳುತ್ತಾರೆ. ನಿಧಾನವಾಗಿ ಇಳಿಸಿ. ಮೊದಲು ಗೋಪುರದ ಚಮಚವನ್ನು ಸಮ ಮಾಡಿ, ಅಷ್ಟೇ. ಹತ್ತು ದಿನ ಬಿಟ್ಟು ಕಾಲು ಚಮಚ ಕಡಿಮೆ ಮಾಡಿ. ಇನ್ನೊಂದು ಹತ್ತು ದಿನಕ್ಕೆ ಮತ್ತೆ ಕಾಲು. ನಾಲಿಗೆ ಹೊಂದಿಕೊಳ್ಳಲು ಕೆಲವು ವಾರ ತೆಗೆದುಕೊಳ್ಳುತ್ತದೆ. 2 ಚಮಚದಿಂದ ಅರ್ಧ ಚಮಚಕ್ಕೆ ಬರಲು ನನಗೆ ಎರಡು ತಿಂಗಳು ಹಿಡಿಯಿತು. ಈಗ ಹಳೆಯ ಹದದ ಟೀ ಯಾರಾದರೂ ಕೊಟ್ಟರೆ ಟೀಯ ರುಚಿಯೇ ಗೊತ್ತಾಗುವುದಿಲ್ಲ. ಹಾಲು, ಸಕ್ಕರೆ ಒಟ್ಟಿಗೇ ಕುದಿಸಿ ಮಾಡುವ ಮನೆಯಾದರೆ ಸಕ್ಕರೆಯನ್ನು ಕೊನೆಗೆ ಬೇರೆಬೇರೆ ಕಪ್ಪಿಗೆ ಹಾಕಿ. ಇಲ್ಲದಿದ್ದರೆ ಒಬ್ಬರ ಹದಕ್ಕೆ ಎಲ್ಲರೂ ಕುಡಿಯಬೇಕಾಗುತ್ತದೆ.

ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿ ಇರುವವರಿಗೆ ಒಂದು ಮಾತು. ಸೋಸದೆ ಕುದಿಸಿದ ಕಾಫಿಯಲ್ಲಿರುವ ಎಣ್ಣೆಯಂಥ ಅಂಶ ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ಹಿಡಿದಿಡುತ್ತದೆ. ರಕ್ತಹೀನತೆ ಇರುವವರು ಊಟದ ಜೊತೆಯಲ್ಲೇ ಟೀ ಕುಡಿಯುವುದು ಬೇಡ, ಊಟದ ಕಬ್ಬಿಣದ ಅಂಶ ಮೈಗೆ ಸೇರುವುದು ಕಡಿಮೆಯಾಗುತ್ತದೆ.

ಹೆಜ್ಜೆ 6: ಗಡಿಯಾರ ನೋಡಿ

ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ 11ಕ್ಕೂ ಮೈಯಲ್ಲಿದೆ. ನಿದ್ದೆಗೂ ಶುಗರ್‌ಗೂ ಏನು ಸಂಬಂಧ ಅನ್ನಬಹುದು. 1999ರಲ್ಲಿ 11 ಆರೋಗ್ಯವಂತ ಯುವಕರನ್ನು ಆರು ರಾತ್ರಿ ಬರೀ 4 ಗಂಟೆ ಮಲಗಲು ಬಿಟ್ಟು ನೋಡಿದರು. ಅಷ್ಟಕ್ಕೇ ಅವರ ಮೈ ಗ್ಲೂಕೋಸನ್ನು ನಿಭಾಯಿಸುವ ಶಕ್ತಿ ಕುಗ್ಗಿತು. ಹಾಗಾಗಿ ನಿದ್ದೆ ಸರಿ ಬಾರದವರು ಮಧ್ಯಾಹ್ನದ ನಂತರದ ಕೆಫೀನನ್ನು ಎರಡು ವಾರ ಬಿಟ್ಟು ನೋಡಿ.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಕೆಫೀನ್ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಗರ್ಭಿಣಿಯರಿಗೆ 200. ಒಂದು ಕಪ್ ಕಾಫಿಯಲ್ಲಿ ಸುಮಾರು 90, ಟೀಯಲ್ಲಿ 50, 250 ಮಿಲಿಲೀಟರ್ ಎನರ್ಜಿ ಡ್ರಿಂಕಿನಲ್ಲಿ 80 ಇರುತ್ತದೆ.

ಡಯಟ್ ಪಾನೀಯ ಆಗಬಹುದಾ?

ಸಕ್ಕರೆಯ ಕೋಲಾ ದಿನಾ ಕುಡಿಯುವವರು ಅದನ್ನು ಬಿಡುವಾಗ, ಸಕ್ಕರೆಯ ಬದಲು ಕೃತಕ ಸಿಹಿ ಹಾಕಿದ ಡಯಟ್ ಪಾನೀಯವನ್ನು ಕೆಲವು ವಾರ ಊರುಗೋಲಾಗಿ ಬಳಸಲಿ. ಅದನ್ನೇ ಖಾಯಂ ಮಾಡಿಕೊಳ್ಳುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ತೂಕ ಇಳಿಸಲು ಕೃತಕ ಸಿಹಿಯನ್ನು ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಸಲಹೆ ಕೊಟ್ಟಿದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ, ಅವರು ತಮ್ಮ ವೈದ್ಯರನ್ನೇ ಕೇಳಲಿ.

ಹೆಜ್ಜೆ 7: ಮದ್ಯವನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ

ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲರಿ, ಒಂದು ಗ್ರಾಂ ಆಲ್ಕೋಹಾಲಿನಲ್ಲಿ 7. ಕುಡಿದ ಕೂಡಲೇ ಲಿವರ್ ಉಳಿದ ಕೆಲಸ ಬದಿಗಿಟ್ಟು ಆಲ್ಕೋಹಾಲನ್ನು ಕರಗಿಸಲು ನಿಲ್ಲುತ್ತದೆ. ಕೊಬ್ಬು ಕರಗುವುದು ಅಷ್ಟು ಹೊತ್ತು ಹಿಂದೆ ಬೀಳುತ್ತದೆ. ಟ್ರೈಗ್ಲಿಸರೈಡ್, ಬಿ.ಪಿ. ಎರಡೂ ಏರುತ್ತವೆ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಟ್ರೈಗ್ಲಿಸರೈಡ್ ಜಾಸ್ತಿ ಇರುವವರು, ಫ್ಯಾಟಿ ಲಿವರ್ ಇರುವವರು ಪೂರ್ತಿ ಬಿಡುವುದೇ ಒಳ್ಳೆಯದು. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಸಲ್ಫೋನಿಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು ಅಪಾಯ ಇದೆ. ಊಟ ಮಾಡದೆ ಕುಡಿದು ಮಲಗಿದರೆ ನಿದ್ದೆಯಲ್ಲೇ ಶುಗರ್ ಕುಸಿಯಬಹುದು.

ಹೆಜ್ಜೆ 8: ಖಾಲಿಯಾದ ಜಾಗಕ್ಕೆ ನೀರು

ಒಂದು ಪಾನೀಯ ಬಿಟ್ಟರೆ ಆ ಹೊತ್ತಿಗೆ ಇನ್ನೊಂದು ಇರಬೇಕು, ಇಲ್ಲದಿದ್ದರೆ ಹಳೆಯದೇ ಮರಳುತ್ತದೆ. ನಾಲ್ಕು ಗಂಟೆಯ ಟೀ ಬಿಟ್ಟಿದ್ದರೆ ನಾಲ್ಕು ಗಂಟೆಗೇ ಒಂದು ಲೋಟ ನೀರು ಕುಡಿದು ಎದ್ದು ಓಡಾಡಿ. ತೂಕ ಇಳಿಸಲು ಊಟ ಮಿತ ಮಾಡಿದ್ದ ನಡುವಯಸ್ಸಿನ ಮತ್ತು ಹಿರಿಯ ವಯಸ್ಸಿನವರ ಮೇಲೆ 2010ರಲ್ಲಿ ಒಂದು ಅಧ್ಯಯನ ಬಂತು. ಮೂರು ಊಟಕ್ಕೂ ಮೊದಲು ಅರ್ಧ ಲೀಟರ್ ನೀರು ಕುಡಿದವರು 12 ವಾರದಲ್ಲಿ ಉಳಿದವರಿಗಿಂತ ಸುಮಾರು 2 ಕಿಲೋ ಜಾಸ್ತಿ ಇಳಿದಿದ್ದರು.

ದಿನಕ್ಕೆ ಇಷ್ಟೇ ಲೀಟರ್ ಎಂಬ ನಿಯಮ ಎಲ್ಲರಿಗೂ ಹೊಂದುವುದಿಲ್ಲ. ಬಾಯಾರಿಕೆ ಮತ್ತು ಮೂತ್ರದ ಬಣ್ಣ ನೋಡಿ, ತಿಳಿ ಹಳದಿ ಇದ್ದರೆ ಸಾಕು. ಹೃದಯ ವೈಫಲ್ಯ ಅಥವಾ ಕಿಡ್ನಿ ತೊಂದರೆ ಇರುವವರು ವೈದ್ಯರು ಹೇಳಿದ ಅಳತೆ ಮೀರಬೇಡಿ. ಸಾದಾ ಹಾಲು ಕುಡಿಯುವವರು ಕುಡಿಯಲಿ. ಅದರಲ್ಲಿ ಪ್ರೋಟೀನ್ ಇದೆ, ಹೊಟ್ಟೆ ಹಿಡಿಯುತ್ತದೆ. ಕ್ಯಾಲರಿಯೂ ಇರುವುದರಿಂದ ಅದನ್ನು ಆಹಾರವೆಂದೇ ಎಣಿಸಿ.

ಸಕ್ಕರೆ ಬೇಕೇ ಬೇಕಾದ ಹೊತ್ತು

ಇದನ್ನು ದಯವಿಟ್ಟು ಬಿಡದೆ ಓದಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ ಕೈ ನಡುಕ, ಬೆವರು, ಗೊಂದಲ ಶುರುವಾಗಿ ಶುಗರ್ 70ಕ್ಕಿಂತ ಕೆಳಗೆ ಹೋಗಿದ್ದರೆ ಆಗ ಬೇಕಾದ್ದು ಸಕ್ಕರೆಯೇ. 150ರಿಂದ 200 ಮಿಲಿಲೀಟರ್ ಜ್ಯೂಸ್ ಅಥವಾ ಸಕ್ಕರೆ ಇರುವ ತಂಪು ಪಾನೀಯದಲ್ಲಿ ಸುಮಾರು 15 ಗ್ರಾಂ ಸಿಗುತ್ತದೆ. ಕುಡಿದು 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಡಯಟ್ ಪಾನೀಯ ಇಲ್ಲಿ ಕೆಲಸಕ್ಕೆ ಬಾರದು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಇನ್ನೊಂದು ಮಾತು, ದಿನಾ ಕುಡಿಯುತ್ತಿದ್ದ ಸಕ್ಕರೆಯನ್ನು ತುಂಬ ಕಡಿಮೆ ಮಾಡುವವರು ಮೊದಲೇ ವೈದ್ಯರಿಗೆ ತಿಳಿಸಿ. ಔಷಧಿಯ ಪ್ರಮಾಣ ಬದಲಿಸಬೇಕಾಗಬಹುದು.

ಹೆಜ್ಜೆ 9: ಮೂರು ತಿಂಗಳಿಗೆ ಮತ್ತೆ ಪರೀಕ್ಷೆ

ಟ್ರೈಗ್ಲಿಸರೈಡ್ ಕೆಲವೇ ವಾರಗಳಲ್ಲಿ ಬದಲಾಗುತ್ತದೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ನಿಧಾನ. ಅದು 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಆದ್ದರಿಂದ ಮೂರು ತಿಂಗಳಿಗಿಂತ ಮೊದಲು ಓಡಬೇಡಿ. ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಮಾಡಿಸಿ. ಹಿಂದಿನ ದಿನ ಮದ್ಯ ಬೇಡ. ಆ ಬೆಳಿಗ್ಗೆ ರಕ್ತ ಕೊಡುವವರೆಗೆ ನೀರು ಮಾತ್ರ, ಹಾಲು ಸಕ್ಕರೆ ಇಲ್ಲದ ಕಪ್ಪು ಕಾಫಿಯೂ ಬೇಡ. ಹೊಸ ರಿಪೋರ್ಟ್ ಬಂದಾಗ ಮೊದಲು ಬರೆದಿಟ್ಟ ಹಾಳೆಯನ್ನು ಅದರ ಪಕ್ಕಕ್ಕೆ ಇಡಿ. ಏಳು ದಿನದ ಪಟ್ಟಿಯನ್ನೂ ವೈದ್ಯರ ಬಳಿ ಒಯ್ಯಿರಿ. 'ಟೀ ಎಷ್ಟು ಕುಡಿಯುತ್ತೀರಿ?' ಎಂದು ಅವರು ಕೇಳಿದಾಗ ಆ ಪಟ್ಟಿಯನ್ನೇ ತೋರಿಸಬಹುದು.